ಗಿರಣಿಯಲ್ಲಿ ಆಡಿದ ಮಾತು

ದ್ವೇಷದಿಂದ ಮಾಡುವ ಅಪರಾಧಗಳಿಗೆ ಸರ್ಕಾರ ಕಾಯ್ದೆ ಬಿಗಿ ಮಾಡುತ್ತದಂತೆ ಎಂದು ಟಿವಿಯಲ್ಲಿ ಬಂದ ದಿನದಿಂದ ನಮ್ಮ ಓಣಿಯ ಹಿರಿಯರೊಬ್ಬರಿಗೆ ಎಲ್ಲಿಲ್ಲದ ಉಮೇದು. "ಬಿಗಿ ಆಗಬೇಕ್ರಿ, ಇಲ್ಲಾಂದ್ರ ಮಂದಿ ಹೆದರೂದಿಲ್ಲ" ಎಂದು ಚಹಾದಂಗಡಿ ಮುಂದೆ ದಿನಾ ಭಾಷಣ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ಅಳುಕಾದರೂ ಕಳ್ಳನಿಗೆ ಇರುತ್ತದೆ. ಇವರಿಗೆ ಅದೂ ಇಲ್ಲ. ಹಬ್ಬ ಬಂದಾಗಲೆಲ್ಲ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರಲ್ಲ, ಅಲ್ಲಿ ಮುಂದಿನ ಕುರ್ಚಿ ಇವರದೇ. ಚಹಾದಲ್ಲಿ ಬಿಸ್ಕೀಟು ಅದ್ದಿಕೊಂಡು ಸೌಹಾರ್ದದ ಮಾತಾಡುತ್ತಾರೆ, ಫೋಟೋ ತೆಗೆಯುವಾಗ ಟೋಪಿಯವರೊಬ್ಬರನ್ನು ಹುಡುಕಿ ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಾರೆ.

ಅಂಬೇವಾಡಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಮನೆಯವರು ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡ ಕಡೆಯಿಂದ ಬಂದವರು. ಅವರು ನಿವೃತ್ತರಾದ ಮೇಲೆ ಇದನ್ನು ಹಾಕಿದೆವು. ನಡೆಸುವವಳು ನಾನು. ಹೆಂಗಸರು ಬೆಳಿಗ್ಗೆ ಬಂದು ಡಬ್ಬಿ ಸಾಲಿಗೆ ಇಟ್ಟು ಹೋಗುತ್ತಾರೆ. ಬೀಸಿದ ಹಿಟ್ಟು ಬಿಸಿ ಇರುತ್ತದೆ, ಮುಚ್ಚಿದರೆ ಬೆವೆತು ಕೆಡುತ್ತದೆ. ಅದಕ್ಕೇ ಬೀಸಿ ಆದ ಡಬ್ಬಿಗಳನ್ನು ಮುಚ್ಚಳ ತೆಗೆದು ಹೊರಗಿನ ಕಟ್ಟೆಯ ಮೇಲೆ ಆರಲು ಇಡುತ್ತೇವೆ. ಎಷ್ಟೇ ಝಾಡಿಸಿದರೂ ಕಲ್ಲಿನಲ್ಲಿ ಹಿಂದಿನವರದೊಂದು ಹಿಡಿ ಉಳಿದೇ ಉಳಿಯುತ್ತದೆ, ಮುಂದಿನವರ ಹಿಟ್ಟಿಗೆ ಸೇರುತ್ತದೆ. ಇದು ಗೊತ್ತಿಲ್ಲದ ಹೆಣ್ಣುಮಗಳು ಈ ಊರಲ್ಲಿಲ್ಲ. ಯಾರೂ ಅದನ್ನೊಂದು ಮಾತು ಅಂತ ಆಡಿದವರಲ್ಲ.

ನಾನು ಆಪಾ ಎಂದು ಕರೆಯುವ ಮುಸಲ್ಮಾನರ ಹೆಂಗಸು ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಾರೆ. ಅವರ ಮನೆ ನಡೆಯುವುದೇ ಆ ಎರಡು ಕೈಗಳಿಂದ. ಅವತ್ತು ಅವರ ಜೋಳ ಬೀಸಿ ಆಗಿತ್ತು, ಡಬ್ಬಿ ಕಟ್ಟೆಯ ಮೇಲೆ ಆರುತ್ತಿತ್ತು. ಮುಂದಿನ ಪಾಳಿ ಹಿರಿಯರ ಮನೆಯದು. ಅವರ ಹೆಂಡತಿ ಮೊದಲೇ ಬಂದು ನಿಂತಿದ್ದರು. ಜೋಳದ ಡಬ್ಬಿ ಭಾರವೆಂದು ಹಿರಿಯರೇ ಅದನ್ನು ಸ್ಕೂಟರಿನಲ್ಲಿ ತಂದರು. ಆಪಾನನ್ನು ನೋಡಿದ್ದೇ ತಡ, ಮುಖ ಕಿವುಚಿಕೊಂಡರು.

"ಈಕೀದು ಬೀಸಿದ ಕಲ್ಲಿನ್ಯಾಗ ನಮ್ಮದು ಹಾಕತೀಯೇನು? ಇವರಿಗೆ ಬ್ಯಾರೆ ಗಿರಣಿ ಇಲ್ಲೇನು? ಇವರ ಜಾತೀನ ಊರು ಬಿಟ್ಟು ಓಡಸಬೇಕು."

ಹೇಳಿ ಸುಮ್ಮನಾಗಲಿಲ್ಲ. ಕಟ್ಟೆಯ ಮೇಲಿನ ಡಬ್ಬಿಯನ್ನು ಒದ್ದರು. ಹಿಡಿಯಲು ಹೋದ ಆಪಾನನ್ನು ದಬ್ಬಿದರು. ಆಪಾ ಕಟ್ಟೆಯ ಅಂಚಿಗೆ ಬಿದ್ದರು, ಬಲಗೈಯ ಮಣಿಕಟ್ಟು ಮುರಿಯಿತು. ನಾನು ಯಂತ್ರ ನಿಲ್ಲಿಸಿ ಓಡಿ ಬರುವಷ್ಟರಲ್ಲಿ ಸ್ಕೂಟರ್ ಹೊರಟಾಗಿತ್ತು.

ಠಾಣೆಗೆ ಆಪಾನ ಜೊತೆ ನಾನೂ ಹೋದೆ. ಹಿರಿಯರು ನಮಗಿಂತ ಮುಂಚೆ ಹೋಗಿ ಕತೆ ಕಟ್ಟಿಟ್ಟಿದ್ದರು: ಆಕೆ ಪಾಳಿ ಬಿಟ್ಟು ನಡುವೆ ನುಗ್ಗಿದಳು, ಮಾತಿಗೆ ಮಾತು ಬೆಳೆಯಿತು, ಕಾಲುಜಾರಿ ಬಿದ್ದಳು. ಸಾಹೇಬರಿಗೆ ಅದು ಹಾಲು ಕುಡಿದಷ್ಟು ಸಲೀಸಾಗಿ ಇಳಿದಿತ್ತು. "ಪಾಳಿ ಜಗಳ ಬಿಡ್ರಿ. ಕ್ಷುಲ್ಲಕ ಕಾರಣ. ಅವಾಚ್ಯ ಶಬ್ದಗಳಿಂದ ಬೈದಾರ ಅಂತ ಬರಕೋತೇವಿ" ಎಂದರು.

ಆಪಾ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದರು. "ಕೈ ವಾಸಿ ಆಗತೈತಿ, ಅಕ್ಕಾರ. ಪಾಳಿ ಜಗಳ ಅಂತ ಬರದ್ರ ತಪ್ಪು ನಂದ ಆಗತೈತಿ. ನಾಳೆ ಮತ್ತ ಯಾರರೆ ಒದೀತಾರ."

ನನಗೆ ಮೈಯೆಲ್ಲ ಉರಿಯಿತು. "ಸಾಹೇಬ್ರ, ಆಕಿ ಡಬ್ಬಿ ಮುಚ್ಚಳ ತೆರದಿತ್ತು. ಹಿಟ್ಟು ಬಿಸಿ ಇತ್ತು. ಬೀಸಿಕೊಂಡು ಮನಿಗೆ ಹೊಂಟಾಕಿ ಎದಕ್ಕ ಪಾಳ್ಯಾಗ ನುಗ್ಗತಾಳ್ರಿ? ಮತ್ತ ಅವಾಚ್ಯ ಅಂದ್ರೇನು? ಅವ್ರು ಸ್ವಚ್ಛ ಕನ್ನಡದಾಗ ಹೇಳ್ಯಾರ. ಹೇಳಿದ್ದು ಹೇಳಿದಾಂಗ ಬರೀರಿ."

"ನೀವೊಬ್ರ ಹೇಳಿದ್ರ ಆಗೂದಿಲ್ಲ. ಇನ್ನೊಬ್ರನ್ನ ಕರಕೊಂಡು ಬರ್ರಿ" ಎಂದರು ಸಾಹೇಬರು. "ಹೊಸಾ ಕಾಯ್ದೆ ಬಂದ್ರೂ ಸಾಕ್ಷಿ ಬೇಕಾಗತೈತಿ."

ಆ ಮಾತು ಮಾತ್ರ ಖರೆ ಇತ್ತು. ಅವತ್ತು ನನ್ನ ಗಿರಣಿ ಮುಂದೆ ನಿಂತ ಹೆಂಗಸರ ಮನೆಗೆಲ್ಲ ಹೋದೆ. ಒಬ್ಬಳು ಮಗ್ಗಲಿನವಳ ಸೀರೆ ನೋಡುತ್ತಿದ್ದಳಂತೆ. ಒಬ್ಬಳಿಗೆ ಯಂತ್ರದ ಸಪ್ಪಳದಲ್ಲಿ ಏನೂ ಕೇಳಿಸಲಿಲ್ಲವಂತೆ. ಓಣಿಯಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಸಲ ಕೂಗಿತು ಎಂದು ಹೇಳುವ ಕಿವಿಗಳು ಅವು! ಹಿರಿಯರ ಹೆಂಡತಿ ಬಾಗಿಲು ಅರ್ಧ ತೆಗೆದು, "ನಾ ಆ ಕಡೆ ನೋಡಿದ್ದಿಲ್ಲವಾ" ಎಂದು ಮುಚ್ಚಿಕೊಂಡರು. ನೋಡಿದ್ದರು. ಆಪಾ ಬಿದ್ದಾಗ "ಅಯ್ಯೋ ಶಿವನ" ಎಂದವರು ಅವರೊಬ್ಬರೇ. ಇಂಥವರ ಬಗ್ಗೆ ನನಗೆ ಈಗ ಸಿಟ್ಟೂ ಉಳಿದಿಲ್ಲ, ಹೇಸಿಗೆ ಮಾತ್ರ. ಕಾಯ್ದೆ ಎಷ್ಟು ಬೇಕಾದರೂ ಬಿಗಿ ಮಾಡಲಿ, ಈ ಸಡಿಲ ನಾಲಿಗೆಗಳಿಗೆ ಯಾವ ಕಲಮು ಹಚ್ಚುತ್ತಾರೆ?

ಕೆಲವು ದಿನ ಹಿರಿಯರ ಮನೆಯ ಡಬ್ಬಿ ಬರಲಿಲ್ಲ. ಹೋದ ವಾರ ಒಂದು ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಅವರ ಹೆಂಡತಿ ಸೆರಗು ಮುಚ್ಚಿಕೊಂಡು ನಿಂತಿದ್ದರು.

"ಮದಲ ನಮ್ಮದು ಹಾಕು, ತಂಗಿ. ಯಾರದೂ ಕೂಡಬಾರದಂತ ಅವ್ರು ಹೇಳ್ಯಾರ."

"ಕಲ್ಲಿನ್ಯಾಗ ನಿನ್ನೆ ಸಂಜೀದು ಉಳದೈತಿ, ಅಕ್ಕಾ" ಎಂದೆ. "ಕಡೀಕ ಬೀಸಿದ್ದು ಆಪಾನ ಸೊಸಿ ತಂದ ಜ್ವಾಳ."

ಅವರು ಓಣಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಯಾರೂ ಇರಲಿಲ್ಲ.

"ಇರವಲ್ದ್ಯಾಕ, ಹಾಕು. ಅವ್ರಿಗೇನು ಗೊತ್ತಾಗತೈತಿ."

ಅಂದರೆ ಹಿಡಿ ಹಿಟ್ಟು ನುಂಗಲು ಅಡ್ಡಿಯಿಲ್ಲ. ಕಂಡದ್ದನ್ನು ಹೇಳಲು ಮಾತ್ರ ಬಾಯಿ ಬರುವುದಿಲ್ಲ.

"ಹಾಕತೇನಿ. ಮದಲ ಠಾಣಾಕ್ಕ ಹೋಗಿ ನೀವು ಕೇಳಿದ್ದು ಹೇಳಿ ಬರ್ರಿ."

ಅವರು ಡಬ್ಬಿಯನ್ನು ಎತ್ತಿಕೊಳ್ಳಲೂ ಇಲ್ಲ, ಠಾಣೆಗೆ ಹೋಗಲೂ ಇಲ್ಲ. ಅದು ಸಾಲಿನ ಮೊದಲಿಗೇ ಮುಚ್ಚಳ ಹಾಕಿಕೊಂಡು ಕೂತಿದೆ. ದಿನಾ ಅದನ್ನು ದಾಟಿ ಉಳಿದವರದನ್ನೆಲ್ಲ ಬೀಸುತ್ತೇನೆ, ಆಪಾನದನ್ನೂ.