ಪುಷ್ಪಾವತಿಗಿಂತ ಮೊದಲು ಬಿ.ಎಸ್ಸಿ.

ದೆಹಲಿಯ ರೋಹಿಣಿ ಬಡಾವಣೆಯ ಮಾರ್ಕೆಟ್ಟಿನಲ್ಲಿ ದೋಸೆ ಹೋಟೆಲು ನಡೆಸುವ ಐತಪ್ಪನವರಿಗೆ ಐವತ್ತು ದಾಟಿದ ಮೇಲೆ ಕೆಮಿಸ್ಟ್ರಿಯ ಮೇಲೆ ಪ್ರೀತಿ ಹುಟ್ಟಲು ಕಾರಣ ಅವರ ಹೆಂಡತಿ. ಪಿಯುಸಿ ಸೈನ್ಸ್ ಮುಗಿಸಿ ಮದುವೆಯಾಗಿ ದೆಹಲಿಗೆ ಬಂದಿದ್ದ ಪುಷ್ಪಾವತಿ, ಮಗಳು ಕೆಲಸಕ್ಕೆ ಸೇರಿದ ಮೇಲೆ, ದೂರಶಿಕ್ಷಣದಲ್ಲಿ ಬಿ.ಎಸ್ಸಿ. ಕೆಮಿಸ್ಟ್ರಿಗೆ ಹೆಸರು ಬರೆಸಿದರು. ಮನೆಯಲ್ಲೇ ಓದು, ತಯಾರಾದಾಗ ಪರೀಕ್ಷೆ, ವರ್ಷಕ್ಕೊಮ್ಮೆ ಕೆಲವು ದಿನ ಲ್ಯಾಬು. ಬೇಕಾದರೆ ಬೇಗ, ಬೇಡವಾದರೆ ನಿಧಾನ.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆದರೆ ಕನ್ನಡ ಸಂಘದ ಊಟದ ದಿನ ಅಧ್ಯಕ್ಷ ಸೋಮಶೇಖರರು ಮೈಕು ಹಿಡಿದು ಆಕೆಯನ್ನು ಮನಸಾರೆ ಹೊಗಳಿ, ಕೊನೆಗೆ "ಅವರ ಯಜಮಾನರೂ ಇಲ್ಲೇ ಎಲ್ಲೋ ಇದ್ದಾರೆ" ಎಂದುಬಿಟ್ಟರು. ಐತಪ್ಪನವರು ಪಾಯಸವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆ ವಾರವೇ ತಮ್ಮ ಹಳೆಯ ಪಿಯುಸಿ ಸೈನ್ಸ್ ಅಂಕಪಟ್ಟಿ ಹುಡುಕಿ ತೆಗೆದು ತಾವೂ ಸೇರಿದರು. ಗುರಿ ಒಂದೇ: ಹೆಂಡತಿಗಿಂತ ಮೊದಲು ಮುಗಿಸಬೇಕು.

ಗಲ್ಲಾದಲ್ಲಿ ಕೂತು, ಗಿರಾಕಿಗಳಿಗೆ ಮುಖಪುಟ ಕಾಣುವಷ್ಟು ಎತ್ತರಕ್ಕೆ ಪುಸ್ತಕ ಹಿಡಿದು ಓದಿದರು. ಮನೆಯಲ್ಲಿ ಮಾತ್ರ, ಪುಷ್ಪಾವತಿ ಪುಟ ತಿರುಗಿಸಿದಾಗಲೆಲ್ಲ ಐತಪ್ಪನವರಿಗೆ ಚಹಾದ ನೆನಪಾಗಿ, ಆಕೆ ಎದ್ದು ಒಲೆ ಹಚ್ಚಬೇಕಾಗುತ್ತಿತ್ತು.

ಹೌಜ್ ಖಾಸ್ ಕಡೆಯ ದೂರಶಿಕ್ಷಣ ಕೇಂದ್ರದಲ್ಲಿ ಲ್ಯಾಬು ಶುರುವಾಯಿತು. ಕೊಟ್ಟ ಲವಣ ಯಾವುದೆಂದು ಪತ್ತೆ ಮಾಡಬೇಕು. ಪಕ್ಕದ ಮೇಜಿನಲ್ಲಿ ಪುಷ್ಪಾವತಿ ಆಗಲೇ ಬರ್ನರ್ ಹಚ್ಚಿದ್ದರು. ಮೇಷ್ಟ್ರು ರಾಹುಲ್, ಮಗನ ವಯಸ್ಸಿನವನು, "ವಾಹ್ ಆಂಟೀಜೀ!" ಎಂದ.

ಆ "ವಾಹ್" ಕೇಳಿ ಐತಪ್ಪನವರಿಗೆ ಮೈಯೆಲ್ಲ ಉರಿಯಿತು. ಇನ್ನು ಪುಸ್ತಕದ ದಾರಿ ಹಿಡಿದರೆ ಆಗದು. ಮೂವತ್ತು ವರ್ಷ ಸಾಂಬಾರಿನ ಉಪ್ಪು ನೋಡಿದ ಅಭ್ಯಾಸದಂತೆ ಬಿಳಿ ಪುಡಿಯನ್ನು ಅಂಗೈಗೆ ಸುರಿದುಕೊಂಡು ನಾಲಿಗೆ ಚಾಚಿದರು.

"ಅಯ್ಯೋ ಮಾರಾಯ್ರೇ!" ಪುಷ್ಪಾವತಿ ಓಡಿಬಂದು ಕೈಗೆ ಬಾರಿಸಿದರು. ಪುಡಿಯೆಲ್ಲ ನೆಲಕ್ಕೆ ಬಿತ್ತು.

"ಅಂಕಲ್‌ಜೀ, ಮೊದಲು ಕೈ ತೊಳೀರಿ. ಆಮೇಲೆ ಮನೆಗೆ ಹೋಗಿ," ರಾಹುಲ್ ಹಿಂದಿಯಲ್ಲಿ ಹೇಳಿದ. "ನಿಮ್ಮ ಲ್ಯಾಬು ಇನ್ನು ಮುಂದಿನ ವರ್ಷ."

ಸಂಜೆ ಮೆಟ್ರೋದಲ್ಲಿ ಪುಷ್ಪಾವತಿ ಮೆಲ್ಲಗೆ ಕೇಳಿದರು, "ನಾನೂ ಒಂದು ವರ್ಷ ನಿಲ್ಲಿಸ್ಲಾ? ಒಟ್ಟಿಗೇ ಮುಗಿಸುವಾ."

ಐತಪ್ಪನವರ ಕಣ್ಣಮುಂದೆ ಮತ್ತೆ ಆ ಮೈಕು ಬಂತು. ಮುಗಿಸಿದರೆ "ಬಹಳ ಬುದ್ಧಿವಂತೆ" ಎನ್ನುತ್ತಾರೆ. ಕಾದರೆ "ಗಂಡನಿಗಾಗಿ ಕಾದಳು, ಪುಣ್ಯಾತ್ಗಿತ್ತಿ" ಎನ್ನುತ್ತಾರೆ. ಎರಡನೆಯದನ್ನಂತೂ ಸಹಿಸಲು ಸಾಧ್ಯವೇ ಇಲ್ಲ.

"ಬೇಡ. ನೀನು ಮುಗಿಸು," ಎಂದರು, ಹಲ್ಲು ಕಚ್ಚಿ.

ಎರಡು ಸ್ಟೇಷನ್ ಆದ ಮೇಲೆ ತಾವೇ ಕೇಳಿದರು:

"ಅದು ಯಾವ ಉಪ್ಪು?"

"ನಿಮ್ಮದೂ ನಂದೂ ಒಂದೇ. ಲೆಡ್ ನೈಟ್ರೇಟ್. ವಿಷ."

"ರುಚಿ ಹೇಗಿರ್ತಿತ್ತು?"

"ಸಿಹಿ ಅಂತೆ."

ಐತಪ್ಪನವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನೆಕ್ಕಲು ಹೋದವರು ತಾವು. ರುಚಿಯೂ ಇವಳಿಗೇ ಗೊತ್ತು!