ಎಡಗಡೆಯ ಬ್ಯಾಕ್ ಜಾಗಕ್ಕೆ ಆರು ವರ್ಷದ ಜಗಳ

ನಮ್ಮ ಸಾರ್ವಕಾಲಿಕ ಫುಟ್‌ಬಾಲ್ ತಂಡ ಇದ್ದದ್ದು ಮದುವೆ ಕಾರ್ಡುಗಳ ಬೆನ್ನ ಮೇಲೆ. ನನ್ನ ಗೆಳೆಯ ಗದಗಿನ ಒಂದು ಪ್ರೆಸ್ಸಿನಲ್ಲಿ ಮಷಿನ್ ನಡೆಸುತ್ತಾನೆ. ತಾರೀಕು ತಪ್ಪಿ ಅಚ್ಚಾದ ಲಗ್ನಪತ್ರಿಕೆಗಳನ್ನು ಅವನು ಎಸೆಯುವುದಿಲ್ಲ. ಮುಂದೆ ಗಣಪತಿ ಇರುತ್ತಾನೆ, ಕುಲದೇವರ ಹೆಸರಿರುತ್ತದೆ, ಕಾಲಿಗೆ ಸಿಗಬಾರದು. ಹಿಂದಿನ ಖಾಲಿ ಬದಿಯಲ್ಲಿ ನಾವು, ನಮ್ಮ ಮೆಚ್ಚಿನ ಕ್ಲಬ್ಬಿಗೆ ಇದುವರೆಗೆ ಆಡಿದವರಲ್ಲಿ ಒಬ್ಬೊಬ್ಬ ಆಟಗಾರನ ಹೆಸರು ಬರೆಯುತ್ತಿದ್ದೆವು. ರವಿವಾರ ಪ್ರೆಸ್ ಬಂದ್ ಇದ್ದಾಗ ಮೇಜಿನ ಮೇಲೆ ಹನ್ನೊಂದು ಕಾರ್ಡು ಜೋಡಿಸಿ, ಯಾರು ಇರಬೇಕು, ಯಾರು ಹೋಗಬೇಕು ಎಂದು ಜಗಳ ತೆಗೆಯುತ್ತಿದ್ದೆವು.

ನಾವು ಮೂವರೇ. ನಾನು, ಗೆಳೆಯ, ಬೆಟಗೇರಿಯ ನಿವೃತ್ತ ಪಿ.ಟಿ. ಮಾಸ್ತರರು. ಆ ಕ್ಲಬ್ಬು ದೂರದ ಊರಿನದು. ಅದರ ಸ್ಟೇಡಿಯಂ ಯಾರೂ ಕಂಡವರಲ್ಲ, ಎಲ್ಲ ಮೊಬೈಲಿನಲ್ಲೇ. ಮೂವರೂ ಹೂಂ ಅಂದರೆ ಮಾತ್ರ ಕಾರ್ಡು ಬದಲಿಸಬೇಕು ಎಂಬುದು ಕಾನೂನು.

ನನ್ನದು ಒಂದೇ ಹಟ, ಎಡಗಡೆಯ ಬ್ಯಾಕ್, ಅಂದರೆ ಎಡಬದಿ ಕಾಯುವವನ ಜಾಗ. ಅಲ್ಲಿ ಮಾಸ್ತರರು ಆರಿಸಿದ ಆಟಗಾರ ಕೂತಿದ್ದ. ಅವನು ಒಮ್ಮೆ ಅರ್ಧ ಮೈದಾನದಿಂದ ಗೋಲ್ ಹೊಡೆದಿದ್ದ, ಅದು ಎಲ್ಲ ವಿಡಿಯೋದಲ್ಲೂ ಬರುತ್ತದೆ. ನನ್ನವನು ಒಂದೂ ಹೊಡೆದವನಲ್ಲ. ಅವನು ಎಷ್ಟು ಚೆನ್ನಾಗಿ ಆಡುತ್ತಾನೆಂದು ತಿಳಿಯಲು ತೊಂಬತ್ತು ನಿಮಿಷ ಪೂರ್ತಿ ನೋಡಬೇಕು. ನಾನು ಹಾಗೆ ನೋಡಿಯೇ ಆಟ ಕಲಿತವನು, ನನಗೆ ಯಾರೂ ಹೇಳಿಕೊಟ್ಟಿಲ್ಲ.

"ನಿನ್ನ ಮನಷ್ಯಾ ಒಂದ ಗೋಲ್ ಹೊಡದದ್ದು ತೋರ್ಸಲೇ, ಈಗಿಂದೀಗ ಜಾಗಾ ಬಿಡ್ತೀನಿ," ಎನ್ನುತ್ತಿದ್ದರು ಮಾಸ್ತರರು.

"ಸರ, ಅಂವ ನಿಂತ ಕಡೆಯಿಂದ ಯಾರೂ ಒಳಗ ಬರಂಗಿಲ್ರಿ. ಅದಕ್ಕ ಅಂವ ವಿಡಿಯೋದಾಗ ಕಾಣಂಗಿಲ್ಲ."

"ಕಾಣದಂವನ್ನ ನಂಬಾಕ ಅಂವೇನ್ ದೇವ್ರೇನಲೇ?"

"ದೇವ್ರು ಕಾರ್ಡಿನ ಆ ಬದಿ ಅದಾನ್ರಿ ಸರ," ಎಂದು ಗೆಳೆಯ ನಗುತ್ತಿದ್ದ.

ಹೀಗೆ ಆರು ವರ್ಷ. ನನ್ನ ಕಾರ್ಡು ಹೊರಗೇ ಉಳಿಯಿತು.

ಹೋದ ತಿಂಗಳು ಒಂದು ಬೆಳಿಗ್ಗೆ ಖಬರು ಬಂತು: ಕ್ಲಬ್ಬನ್ನೇ ಮುಚ್ಚಿದರು. ಮಾಲೀಕರಿಗೆ ಬೇಡವಾಗಿತ್ತಂತೆ. ನನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಗಿರಾಕಿಯೊಬ್ಬರ ಫೋನಿಗೆ ಗಾಜು ಅಂಟಿಸುತ್ತ ಅದನ್ನು ಓದಿದೆ. ಗಾಜಿನಡಿ ಒಂದು ಗುಳ್ಳೆಯೂ ಉಳಿಯದ ಹಾಗೆ ಅಂಟಿಸಿಕೊಟ್ಟೆ. ಮಧ್ಯಾಹ್ನ ಊಟವನ್ನೂ ಮಾಡಿದೆ.

ಆ ರವಿವಾರ ಪ್ರೆಸ್ಸಿಗೆ ಹೋದಾಗ ಗೆಳೆಯ ಮೂರು ಪೊಟ್ಟಣ ಮಂಡಕ್ಕಿ ಗಿರಮಿಟ್ ತಂದಿಟ್ಟಿದ್ದ. ಇನ್ನು ಹೊಸ ಆಟಗಾರ ಬರುವುದಿಲ್ಲ, ಇವತ್ತು ಕೂರಿಸಿದವರೇ ಕಡೆಯವರು. ನನ್ನವನು ಒಳಗೆ ಹೋಗುವುದಾದರೆ ಇವತ್ತೇ ಹೋಗಬೇಕು. ದಾರಿಯುದ್ದಕ್ಕೂ ವಾದ ಜೋಡಿಸಿಕೊಂಡು ಬಂದಿದ್ದೆ. ಯಾವ ಪಂದ್ಯ, ಎಷ್ಟನೇ ನಿಮಿಷ, ಯಾರ ಕಾಲಿನಿಂದ ಚೆಂಡು ಕಸಿದ, ಎಲ್ಲ ಬಾಯಿಪಾಠ.

"ಸರ, ಎಡಗಡೆ ಬ್ಯಾಕಿಂದು..." ಎಂದು ಶುರು ಮಾಡಿದೆ.

ಮಾಸ್ತರರು ತಮ್ಮವನ ಕಾರ್ಡನ್ನು ತಾವೇ ಎತ್ತಿ ಜೇಬಿಗೆ ಹಾಕಿಕೊಂಡರು. "ಇಡಪಾ ನಿನ್ನಂವನ್ನ."

"ಸರ, ನಾ ಇನ್ನೂ ಏನೂ ಹೇಳಿಲ್ರಿ."

"ಆರು ವರ್ಷ ಹೇಳೀಯಲ್ಲ."

"ಒಂದ ಗೋಲ್ ತೋರ್ಸಂತ ಕೇಳ್ರಿ ಸರ."

"ಆಡೋರ ಇಲ್ಲ, ಇನ್ನ ಕೇಳಿ ಏನ್ ಮಾಡೂದೈತಿ? ಇಡು."

ಗೆಳೆಯನ ಕಡೆ ನೋಡಿದೆ. ಅವನಾದರೂ ಬೇಡ ಅನ್ನುತ್ತಾನೆ ಅಂದುಕೊಂಡೆ. ಅವನು ಗಿರಮಿಟ್ ಅಗಿಯುತ್ತಲೇ ಹೂಂ ಅಂದುಬಿಟ್ಟ.

ಕಾರ್ಡು ಇಟ್ಟೆ. ಜಾಗದಲ್ಲಿ ಸರಿಯಾಗಿ ಕೂತಿತು. ಖುಷಿ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಅದನ್ನೇ ನೋಡಿದೆ.

"ಗೆದ್ದೀಯಲ್ಲಲೇ, ಮತ್ತ ಮಾರಿ ಯಾಕ ಹಂಗ ಮಾಡೀದಿ?" ಎಂದ ಗೆಳೆಯ.

"ಏನಿಲ್ಲ," ಎಂದೆ. ಖರೆಯೆಂದರೆ ಏನೂ ಇರಲಿಲ್ಲ.