ಗೋಲ್‌ಪೋಸ್ಟಿನ ಬುಡದ ಗಾರಾಣೆ

ಮೊನ್ನೆ ಮಧ್ಯಾಹ್ನ ಅಂಕೋಲೆಯ ನನ್ನ ಝೆರಾಕ್ಸ್ ಅಂಗಡಿಗೆ ಹೈಸ್ಕೂಲಿನ ಹುಡುಗಿಯೊಬ್ಬಳು ಕುಂಟುತ್ತ ಬಂದಳು. ಖೋಖೋ ಆಡುವಾಗ ಕಾಲು ಉಳುಕಿತ್ತಂತೆ. ಅವಳು ಕೌಂಟರಿಗೆ ಒರಗಿ ನಿಂತದ್ದೇ ತಡ, ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಅಂಗಡಿಯ ತುಂಬ ಹರಡಿತು. ಎಷ್ಟು ಪ್ರತಿ ಬೇಕೆಂದು ಕೇಳುವುದನ್ನೂ ಮರೆತು ನಿಂತುಬಿಟ್ಟೆ. ಆ ವಾಸನೆ ನನ್ನ ಪಾಲಿಗೆ ಎಣ್ಣೆಯದಲ್ಲ, ಒಬ್ಬ ಮನುಷ್ಯನದು. ನಮ್ಮ ಪಕ್ಕದ ಮನೆಯ ಮಾಮನದು...

ಮಾಮ ಫುಟ್‌ಬಾಲ್ ಆಡಿದವರಲ್ಲ. ಯಾರಾದರೂ ಹಳೆಯ ಆಟಗಾರರೆಂದು ತಪ್ಪು ತಿಳಿದು ಗೌರವ ಕೊಟ್ಟರೆ ಮಾಮಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಆದರೆ ನಮ್ಮ ಕ್ಲಬ್ಬಿನ ಆಟ ಎಲ್ಲಿದ್ದರೂ, ಕಾರವಾರದ ಕಡೆಯಿರಲಿ, ಸುಂಕಸಾಳದ ಕಡೆಯಿರಲಿ, ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡು ಅವರು ಹಾಜರು. ಚೀಲದಲ್ಲಿ ಆ ಎಣ್ಣೆಯ ಬಾಟಲಿ. ಅರ್ಧ ಆಟ ಮುಗಿದು ಹುಡುಗರು ಬಂದು ಕುಳಿತರೆ ಅವರ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಮೀನಖಂಡ ತಿಕ್ಕುವರು. ಕೈ ಉಪಚಾರ ಮಾಡುತ್ತಿದ್ದರೆ ಬಾಯಿ ಬೈಯುತ್ತಿತ್ತು.

“ಬಾಲ್ ಬಂದ್ರೆ ಓಡೂಕೆ ಆಗೂದಿಲ್ಲ ನಿಂಗೆ. ಊಟದ ಪಂಕ್ತಿ ಬಂದ್ರೆ ಮಾತ್ರ ಎಲ್ಲರ್ಕಿಂತ ಮುಂದೆ ಓಡ್ತೆ, ಅಲ್ವಾ?”

ಬೈಸಿಕೊಂಡವನಿಗೆ ಬೇಸರವಿರಲಿಲ್ಲ. ಮಾಮ ಬೈಯದಿದ್ದರೆ ತನ್ನ ಆಟ ನೋಡಲೇ ಇಲ್ಲವೇನೋ ಎಂದು ಹುಡುಗರಿಗೆ ಅನುಮಾನವಾಗುತ್ತಿತ್ತು.

ನಮ್ಮ ಕ್ಲಬ್ಬಿನ ವಿಷಯ ಸ್ವಲ್ಪ ಹೇಳಬೇಕು. ನೌಕಾನೆಲೆಗೆಂದು ಕಾರವಾರದಿಂದ ಅಂಕೋಲೆಯವರೆಗಿನ ಕಡಲತಡಿಯ ಊರುಗಳು ಖಾಲಿಯಾದಾಗ ನಮ್ಮ ಮಾಡೇವಾಡಾ ಕೂಡ ಎದ್ದುಹೋಯಿತು. ನಾನಾಗ ಎತ್ತಿಕೊಳ್ಳುವ ಕೂಸು. ನನಗೆ ಆ ಊರು ನೆನಪಿಲ್ಲ. ಮನೆಗಳೆಲ್ಲ ದಿಕ್ಕಿಗೊಂದಾದವು. ನಾವು, ಮಾಮನ ಮನೆಯವರು ಅಂಕೋಲೆ ಕಡೆಯ ಪುನರ್ವಸತಿ ಕಾಲೊನಿಗೆ ಬಂದೆವು. ಕೆಲವರು ಸದಾಶಿವಗಡದ ನೆಂಟರಲ್ಲಿ ಹೋಗಿ ನಿಂತರು. ಇನ್ನು ಕೆಲವರು ಕಾರವಾರದಲ್ಲಿ ಬಾಡಿಗೆಗೆ ಸೇರಿದರು. ಅಲ್ಲಿ ಗದ್ದೆ ಮಾಡುತ್ತಿದ್ದ ಮಾಮ ಇಲ್ಲಿ ಮಂದಿಯ ಮನೆಗೆ ಗಾರೆ ಕೆಲಸಕ್ಕೆ ಹೋದರು. ಊರಿನದೆಂದು ಒಡೆಯದೆ ಉಳಿದದ್ದು ಒಂದೇ, ಫುಟ್‌ಬಾಲ್ ಕ್ಲಬ್. ಮಾಡೇವಾಡಾ ಎಂಬ ಊರಿಲ್ಲದಿದ್ದರೂ ಮಾಡೇವಾಡಾ ಎಂದು ಬೆನ್ನಿಗೆ ಬರೆದುಕೊಂಡ ಹನ್ನೊಂದು ಜನರಿದ್ದರು.

ಗದ್ದೆ ಕೊಯ್ಲಾದ ಮೇಲೆ ಕಾಲೊನಿಯ ಬದಿಯ ಬಯಲಿನಲ್ಲಿ ವರ್ಷಕ್ಕೊಮ್ಮೆ ನಮ್ಮದೇ ಟೂರ್ನಮೆಂಟು. ಆಗ ನೋಡಬೇಕಿತ್ತು ಚಂದವನ್ನು. ಚದುರಿಹೋದವರೆಲ್ಲ ಬಸ್ಸು, ಟೆಂಪೊ ಹಿಡಿದು ಬರುತ್ತಿದ್ದರು. ಹೆಂಗಸರು ಗದ್ದೆಯ ಬದುವಿನ ಮೇಲೆ ಸಾಲಾಗಿ ಕೂತರೆ ಆಟ ಶುರುವಾಗುವ ಮೊದಲೇ ಒಂದೆರಡು ಮದುವೆಯ ಮಾತುಕತೆ ಮುಗಿದಿರುತ್ತಿತ್ತು. ಬಂಗಡೆ ಸಾರು, ಅವಲಕ್ಕಿ, ಹಲಸಿನ ಹಪ್ಪಳ ಕೈಯಿಂದ ಕೈಗೆ ಹೋಗುತ್ತಿದ್ದವು. ಆಫ್‌ಸೈಡ್ ಎಂದರೆ ಏನೆಂದು ಅವರಲ್ಲಿ ಒಬ್ಬರಿಗೂ ತಿಳಿಯದು. ಹಾಗೆಂದು ರೆಫರಿಯನ್ನು ಬಿಟ್ಟವರಲ್ಲ. ನಮ್ಮ ದೊಡ್ಡಮ್ಮನಂತೂ ಎದುರು ತಂಡಕ್ಕೆ ಗೋಲಾದರೆ ರೆಫರಿಯ ಏಳು ತಲೆಮಾರನ್ನು ಜಾಲಾಡಿ, ಆಟ ಮುಗಿದ ಮೇಲೆ ಅವನನ್ನೇ ಕರೆದು ಕೋಕಂ ಪಾನಕ ಕುಡಿಸುವಳು.

ಇದಕ್ಕೆಲ್ಲ ಮೊದಲು ಗಾರಾಣೆ. ದೇವರೆದುರು ಹಿರಿಯರೊಬ್ಬರು ಊರ ಪರವಾಗಿ ಗಟ್ಟಿಯಾಗಿ ಬೇಡಿಕೊಳ್ಳುವುದಕ್ಕೆ ನಮ್ಮಲ್ಲಿ ಗಾರಾಣೆ ಎನ್ನುತ್ತಾರೆ. ಅವರು ಒಂದೊಂದು ಮಾತು ಹೇಳಿದಾಗಲೂ ಕೂಡಿದ ಜನ “ಹೊಯ್ ಮಹಾರಾಜಾ” ಎಂದು ಒಪ್ಪಿಗೆ ಕೊಡಬೇಕು. ಜನ ಒಪ್ಪದಿದ್ದರೆ ದೇವರಿಗೂ ಅದು ಮುಟ್ಟುವುದಿಲ್ಲ. ಗುಡಿಯಲ್ಲಿ ಮಾಡುವ ಈ ಕೆಲಸವನ್ನು ನಮ್ಮವರು ಗೋಲ್‌ಪೋಸ್ಟಿನ ಬುಡಕ್ಕೆ ತಂದಿದ್ದರು. ಮಾಮ ಮಿಂದು, ಬಿಳಿ ಪಂಚೆಯುಟ್ಟು, ಕಾಯಿ ಹಿಡಿದು ನಿಲ್ಲುವರು. ಮೈಕ್ ಬೇಕಿರಲಿಲ್ಲ. ಆ ದನಿ ಹೈವೇ ದಾಟಿ ಆಚೆ ಕೇರಿಗೆ ಕೇಳುತ್ತಿತ್ತು. ಕೊಂಕಣಿಯಲ್ಲಿ ಹೇಳುತ್ತಿದ್ದರು. ನನ್ನ ಕನ್ನಡದಲ್ಲಿ ಅದು ಹೀಗೆ...

“ಮಾಡೇವಾಡಾದ ಗಡಿ ಕಾಯೂ ದೇವರೇ... ಕೆಳಗಿನ ಬಾವಿ, ಮೇಲಿನ ಬಾವಿ, ಉಪ್ಪುನೀರಿನ ಖಾಜಣ ಗದ್ದೆಯ ಒಡೆಯಾ... ಯಾರು ಯಾವ ದಿಕ್ಕಿಗೆ ಹೋಗವ್ರೋ ಅವರನ್ನೆಲ್ಲ ಈ ದಿನ ಇಲ್ಲಿಗೆ ತಂದು ಕೂಡ್ಸಿದೆ. ಹಾಂಗೇ ಕೂಡ್ಸು. ನಮ್ಮ ಮಕ್ಳ ಕಾಲು ಗಟ್ಟಿ ಇಡು. ಎದುರಿನವ್ರ ಕಾಲೂ ಮುರೀಬೇಡ, ಗೋಲು ಮಾತ್ರ ಕೊಡಬೇಡ.”

ಎಲ್ಲರೂ ನಕ್ಕು “ಹೊಯ್ ಮಹಾರಾಜಾ” ಎನ್ನುವರು. ಎದುರು ತಂಡದವರೂ ನಗುತ್ತಿದ್ದರು. ಆದರೆ ಮಾಡೇವಾಡಾ ಎಂದು ಹೆಸರು ಕರೆದಾಗ ಯಾರೂ ನಗುತ್ತಿರಲಿಲ್ಲ. ಬದುವಿನ ಮೇಲಿನ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

ಇಷ್ಟು ವರ್ಷ ಹೇಳುತ್ತೀರಲ್ಲ, ಬಾವಿ ಗದ್ದೆ ಯಾವುದೂ ಇಲ್ಲವಲ್ಲ ಎಂದು ಒಮ್ಮೆ ಕೇಳಿದ್ದೆ. ಮಾಮ ಗಾರೆಯ ಕರಣಿ ತೊಳೆಯುತ್ತಿದ್ದವರು ತಲೆಯೆತ್ತಲಿಲ್ಲ.

“ದೇವರನ್ನ ತಂದಿ ಇಲ್ಲಿ ಗುಡಿ ಕಟ್ಟಿ ಆಯ್ತು ತಂಗೀ. ಊರನ್ನ ತಂದಿ ಎಲ್ಲಿ ಇಡೂದು? ಕರೆದ್ರೆ ಅದೆ, ಬಿಟ್ರೆ ಇಲ್ಲ.”

ನಾನು ಅಂಗಡಿ ಇಟ್ಟ ಹೊತ್ತಿಗೆ ಕ್ಲಬ್ಬಿಗೆ ಹೊಸ ಕಮಿಟಿ ಬಂದಿತ್ತು. ಸೆಕ್ರೆಟರಿ ನಮ್ಮ ಕಾಲೊನಿಯವನೇ, ಮಾಮನ ಕೈಯಲ್ಲಿ ಕಾಲು ತಿಕ್ಕಿಸಿಕೊಂಡು ಬೆಳೆದವನು. ಅವನು ಎಲ್ಲಿಂದಲೋ ಒಬ್ಬ ಪ್ರಾಯೋಜಕರನ್ನು ಹಿಡಿದು ತಂದ. ಜಲ್ಲಿ ಕ್ರಷರಿನ ಮಾಲೀಕರು. ಹೊಸ ಜರ್ಸಿ, ಬೂಟು, ಶಾಮಿಯಾನ, ಎಲ್ಲ ಅವರದೇ. ಕ್ಲಬ್ಬಿಗೆ ಮಾತ್ರ ಅವರ ಮನೆತನದ ಹೆಸರಾಗಬೇಕು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಾಂಪೌಂಡುಗಳ ಮೇಲೆ ಬೇಕಾದಷ್ಟು ಬರೆಸಿಕೊಂಡಿದ್ದಾರೆ.

ಸೆಕ್ರೆಟರಿ ಮಾಮನ ಜಗುಲಿಗೆ ಬಂದು ಕೂತದ್ದು ನನಗೆ ಚೆನ್ನಾಗಿ ನೆನಪಿದೆ. ನಾನೂ ಅಲ್ಲಿದ್ದೆ. ಮಾಮಿ ಚಹಾ ಕೊಟ್ಟರು.

“ಮಾಮಾ, ಅವ್ರು ಬರದಿದ್ರೆ ಈ ವರ್ಷ ಟೀಮೇ ಇಲ್ಲ. ಹುಡುಗ್ರು ಬೇರೆ ಕ್ಲಬ್ಬಿಗೆ ಹೋಗೂಕೆ ತಯಾರಾಗವ್ರೆ. ನಿಮ್ಗೆ ಕ್ಲಬ್ ಬೇಕಾ, ಹೆಸರು ಬೇಕಾ ಹೇಳಿ. ಗಾರಾಣೆಯಲ್ಲಿ ಮಾಡೇವಾಡಾ ಅನ್ನೂ ಜಾಗದಲ್ಲಿ ಅವರ ಹೆಸರು ಹೇಳಿದ್ರೆ ಆಯ್ತು. ಬಾವಿ, ಗದ್ದೆ ಎಲ್ಲ ಬ್ಯಾಡ, ಉದ್ದ ಆಗ್ತದೆ.”

ಚಹಾ ಆರಿ ಕೆನೆ ಕಟ್ಟಿತು. ಕೊನೆಗೆ ಮಾಮ ಆಗಲಿ ಎಂದರು. ಸೆಕ್ರೆಟರಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಕಾಲು ಹಿಡಿಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಅವನು ಹೋದ ಮೇಲೆ ಮಾಮಿ ಸಿಟ್ಟಿನಿಂದ ಲೋಟ ಎತ್ತಿದರು. ಮಾಮ ಅವರಿಗೂ ನನಗೂ ಸೇರಿಸಿ ಹೇಳಿದರು: “ಈ ವರ್ಷ ಒಂದೇ. ಹುಡುಗ್ರು ಚದುರೂದು ಬ್ಯಾಡ. ಮುಂದಿನ ವರ್ಷ ತಪ್ಪು ಕಾಣಿಕೆ ಇಟ್ಟು ಸರಿ ಮಾಡ್ತೆ.”

ಹಾಗೊಂದು ದಾರಿ ನಮ್ಮಲ್ಲಿದೆ. ಗಾರಾಣೆಯಲ್ಲಿ ಹೆಸರು ತಪ್ಪಿದರೆ ಹೇಳಿದವನೇ ಅದೇ ಜಾಗದಲ್ಲಿ ಮತ್ತೆ ನಿಂತು, ತಪ್ಪು ಕಾಣಿಕೆಯ ಕಾಯಿ ಇಟ್ಟು, ಸರಿಯಾದ ಹೆಸರನ್ನು ಕರೆಯಬೇಕು. ಜನ ಮತ್ತೆ “ಹೊಯ್” ಎನ್ನಬೇಕು. ಮನೆಯೊಳಗೆ ಕೂತು ಮನಸ್ಸಿನಲ್ಲೇ ಹೇಳಿಕೊಂಡರೆ ಆಗುವುದಿಲ್ಲ. ಬೇರೆಯವರು ಹೇಳಿದರೂ ಆಗುವುದಿಲ್ಲ.

ಆ ವರ್ಷ ಗಾರಾಣೆ ವೇದಿಕೆಯ ಮೇಲಾಯಿತು. ಹೆಗಲಿಗೆ ಶಾಲು ಹೊದಿಸಿ ಕೈಗೆ ಮೈಕ್ ಕೊಟ್ಟರು. ಹೆಸರು ಕರೆಯುವ ಜಾಗ ಬಂದಾಗ ಮಾಮ ಒಂದು ಕ್ಷಣ ನಿಂತರು. ನಾನು ಬದುವಿನ ಮೇಲಿಂದ ನೋಡುತ್ತಿದ್ದೆ. ಮೈಕಿನಲ್ಲಿ ಅವರ ಉಸಿರು ಕೇಳಿಸಿತು. ಆಮೇಲೆ ಕ್ರಷರಿನವರ ಹೆಸರನ್ನು, ಮಾಡೇವಾಡಾ ಎಂದು ಕರೆಯುತ್ತಿದ್ದ ಅದೇ ರಾಗದಲ್ಲಿ ಕರೆದರು. ಹೊಸ ಜರ್ಸಿ ತೊಟ್ಟವರೆಲ್ಲ “ಹೊಯ್ ಮಹಾರಾಜಾ” ಎಂದು ಅಬ್ಬರಿಸಿದರು. ನಮ್ಮ ದೊಡ್ಡಮ್ಮ ಬಾಯಿ ಬಿಡಲಿಲ್ಲ.

ಮುಂದಿನ ಒಂದು ವರ್ಷ ಮಾಮನಿಗೆ ಅದೇ ಧ್ಯಾನ. ಹಿತ್ತಿಲಿನ ಮರದಿಂದ ಒಳ್ಳೆಯ ಕಾಯೊಂದನ್ನು ಇಳಿಸಿ ದೇವರ ಗೂಡಿನಲ್ಲಿಟ್ಟರು. ಸದಾಶಿವಗಡಕ್ಕೆ, ಕಾರವಾರಕ್ಕೆ ತಾವೇ ಹೋಗಿ ಹಳೆಯವರನ್ನೆಲ್ಲ ಕಂಡು, ಈ ಸಲ ತಪ್ಪದೆ ಬನ್ನಿ, ನೀವು “ಹೊಯ್” ಅನ್ನಬೇಕು ಎಂದು ಹೇಳಿ ಬಂದರು. ಮದುವೆಗೆ ಕರೆಯುವವರಂತೆ ಕುಂಕುಮ ಹಚ್ಚಿ ಕರೆದರು ಎಂದು ಮಾಮಿ ಚಾಷ್ಟಿ ಮಾಡುತ್ತಿದ್ದರು. ಇತ್ತ ಕ್ಲಬ್ಬಿನಲ್ಲಿ ನಮ್ಮ ಹುಡುಗರು ಒಬ್ಬೊಬ್ಬರಾಗಿ ಬೆಂಚಿಗೆ ಸರಿದಿದ್ದರು. ಗೋವೆಯಿಂದ ಆಟಗಾರರನ್ನು ಕರೆಸಿದ್ದರು. ಯಾವ ಹುಡುಗರು ಚದುರಬಾರದೆಂದು ಮಾಮ ಹೆಸರು ಬಿಟ್ಟರೋ, ಅವರೇ ಈಗ ನೀರಿನ ಬಾಟಲಿ ಎತ್ತುತ್ತಿದ್ದರು.

ಟೂರ್ನಮೆಂಟಿನ ಬೆಳಗ್ಗೆ ಮಾಮ ಮಿಂದು, ಪಂಚೆಯುಟ್ಟು, ಕಾಯಿ ಹಿಡಿದು ವೇದಿಕೆಗೆ ಹೋಗದೆ ನೇರ ಗೋಲ್‌ಪೋಸ್ಟಿಗೆ ನಡೆದರು. ಬದುವಿನ ತುಂಬ ಹಳೆಯವರಿದ್ದರು. ಮಾಮ ಕಾಯಿ ಎತ್ತಿ ಹಣೆಗೆ ಮುಟ್ಟಿಸಿ ಇನ್ನೇನು ಬಾಯಿ ತೆರೆಯಬೇಕು...

ಶಾಮಿಯಾನದ ಎರಡು ಬದಿಯ ಧ್ವನಿವರ್ಧಕಗಳಿಂದ ಮಾಮನ ದನಿ ಹೊರಟಿತು.

ಹಿಂದಿನ ವರ್ಷದ್ದನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಪೆನ್‌ಡ್ರೈವಿನಿಂದ ಹಾಕಿದರು. ಮುಖ್ಯ ಅತಿಥಿಗಳಿಗೆ ಅವಸರವಿತ್ತಂತೆ. ಮಾಮ ಏನೋ ಕೂಗಿದರು. ಹೈವೇ ದಾಟುತ್ತಿದ್ದ ಆ ಗಂಟಲು ತನ್ನದೇ ದನಿಯೆದುರು ಸೋತಿತು. ಬಾಯಿ ಆಡುವುದಷ್ಟೇ ನಮಗೆ ಕಂಡಿತು. ಧ್ವನಿವರ್ಧಕ ಕ್ರಷರಿನವರ ಹೆಸರು ಕರೆಯಿತು. ಜನ ಅದಕ್ಕೆ “ಹೊಯ್ ಮಹಾರಾಜಾ” ಎಂದರು. ಸದಾಶಿವಗಡದಿಂದ ಬಂದ ಮುದುಕರು ಕೂಡ ಎಂದರು. ಅವರ ತಪ್ಪಲ್ಲ. ಮಾಮನ ದನಿ ಬಂತು, ಅವರು ಒಪ್ಪಿದರು. ಅಷ್ಟರಲ್ಲಿ ರೆಫರಿ ಬಂದು, ದಯವಿಟ್ಟು ಬದಿಗೆ ಸರಿಯಿರಿ ಎಂದು ಮಾಮನ ಹೆಗಲು ಮುಟ್ಟಿದ.

ಸಂಜೆ ಮಾಮ ಸೆಕ್ರೆಟರಿಯ ಮನೆಗೆ ಹೋದರು. ಒಬ್ಬರೇ ಹೋಗುವುದು ಬೇಡವೆಂದು ನಾನೂ ಹೋದೆ. ಫೈನಲ್ ದಿನ ಒಂದು ಸಲ, ಒಂದೇ ಸಲ ಹೇಳಲು ಬಿಡು ಎಂದು ಕೇಳಿದರು. ಅವನು ಮೊಬೈಲಿನಿಂದ ಕಣ್ಣು ತೆಗೆಯದೆ ನಕ್ಕ.

“ಎಂತಕ್ಕೆ ಬೇಜಾರು ಮಾಮಾ? ನಿಮ್ಮದೇ ದನಿ ಅಲ್ವಾ? ನಿಮ್ಗೆ ವಯಸ್ಸಾಯ್ತು, ಬಿಸಿಲಲ್ಲಿ ನಿಲ್ಲೂ ತ್ರಾಸು ತಪ್ಪಿತು ಅನ್ಕೊಳ್ಳಿ.”

ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಮಾಮ ಬೈಯಲಿಲ್ಲ. ಬೈಗುಳವೇ ಪ್ರೀತಿಯಾಗಿದ್ದ ಮನುಷ್ಯ ಅವನಿಗೆ ಒಂದು ಬೈಗುಳವನ್ನೂ ಕೊಡದೆ ಮೆಟ್ಟಿಲಿಳಿದರು. ಆ ಸೆಕ್ರೆಟರಿ ಇವತ್ತಿಗೂ ನನ್ನ ಅಂಗಡಿಗೆ ಬಂದರೆ ಕರೆಂಟ್ ಇಲ್ಲ ಎನ್ನುತ್ತೇನೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ತಿರುಗಲಿ.

ಆಮೇಲೆ ಮಾಮ ಬಯಲಿನ ಕಡೆ ಹೋಗಲಿಲ್ಲ. ಕೆಲಸಕ್ಕೆ ಹೋಗುವಾಗಲೂ ಸುತ್ತು ಹಾಕಿ ಹೋಗುತ್ತಿದ್ದರು. ಬೆಂಚಿಗೆ ಬಿದ್ದ ಹುಡುಗರು ಕಾಲು ತಿಕ್ಕಿಸಿಕೊಳ್ಳಲು ಮನೆಗೆ ಬಂದರೆ, ಸುಮ್ಮನೆ ತಿಕ್ಕಿ ಕಳಿಸುತ್ತಿದ್ದರು. ಒಂದು ಮಳೆಗಾಲ ಜ್ವರ ಹಿಡಿದು ಬಿಡಲೇ ಇಲ್ಲ. ಕೊನೆಯ ದಿನಗಳಲ್ಲಿ ನಾನು ಗಂಜಿ ತೆಗೆದುಕೊಂಡು ಹೋದಾಗ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು, ಜನ ಸೇರಿದ್ದಾರಾ ಎಂದು. ಸೇರಿದ್ದಾರೆ ಮಾಮಾ ಎಂದರೆ ಅವರು ನಂಬುತ್ತಿರಲಿಲ್ಲ...

ಅವರು ಹೋದ ಮೇಲೆ ಕ್ಲಬ್ಬಿನವರು ವಾಟ್ಸಾಪಿನಲ್ಲಿ ಮುಗಿದ ಕೈಗಳನ್ನು ಹಾಕಿದರು. ಆ ಪೆನ್‌ಡ್ರೈವ್ ಮಾತ್ರ ಈಗಲೂ ಅವರಲ್ಲಿದೆ. ಪ್ರತಿ ವರ್ಷ ಟೂರ್ನಮೆಂಟು ಅದರಿಂದಲೇ ಶುರುವಾಗುತ್ತದೆ. ನಮ್ಮ ಹಿರಿಯ ಅಭಿಮಾನಿಗೆ ಗೌರವ ಎಂದು ಅನೌನ್ಸರ್ ಬೇರೆ ಹೇಳುತ್ತಾನೆ. ಮಾಮ ಅಷ್ಟು ವರ್ಷ ಹೇಳಿದ ಗಾರಾಣೆಗಳಲ್ಲಿ ಒಂದನ್ನೂ ಯಾರೂ ಹಿಡಿದಿಟ್ಟಿಲ್ಲ. ಕಾಲೊನಿಯಲ್ಲಿ ಹುಟ್ಟಿದ ಮಕ್ಕಳಿಗೆ ನಮ್ಮ ಊರು ಯಾವುದೆಂದರೆ ಈಗ ಕಾಲೊನಿಯ ಹೆಸರನ್ನೇ ಹೇಳುತ್ತಾರೆ. ಮಾಡೇವಾಡಾ ಎಂದರೆ ಯಾವ ಹೋಟೆಲು ಎಂದು ಮೊನ್ನೆ ಒಬ್ಬ ಕೇಳಿದ.

ಈ ವರ್ಷದ ಟೂರ್ನಮೆಂಟು ಬರುವ ಭಾನುವಾರ. ಮಾಮಿ ಪ್ರತಿ ಸಲದಂತೆ ಮೊದಲೇ ಸದಾಶಿವಗಡದ ಮಗಳ ಮನೆಗೆ ಹೊರಟರು. ಬಸ್ ಹತ್ತಿಸಲು ನಾನು ಹೋಗಿದ್ದೆ. ಕಿಟಕಿಯ ಬದಿ ಕೂತು ಸೆರಗು ಸರಿಮಾಡಿಕೊಂಡು ಹೇಳಿದರು.

“ಅವರ ದನಿ ಕೇಳೂಕೆ ಆಸೆ ಇಲ್ಲ ಹೇಳಿ ಅಲ್ಲ ತಂಗೀ. ದಿನಾ ಆಸೆ ಆಗ್ತದೆ. ಆದ್ರೆ ಉಳ್ದದ್ದು ಸುಳ್ಳು ಹೇಳೂ ದನಿ ಒಂದೇ ಆಯ್ತಲ್ಲ... ಅದನ್ನ ಎಂತಾ ಮಾಡೂದು?”

ಬಸ್ಸು ಹೊರಟಿತು. ಭಾನುವಾರ ಬೆಳಗ್ಗೆ ಬಯಲಿನ ಕಡೆಯ ಕಿಟಕಿಗಳನ್ನೆಲ್ಲ ಹಾಕಿಕೊಳ್ಳುತ್ತೇನೆ. ಹೋದ ವರ್ಷವೂ ಹಾಕಿಕೊಂಡಿದ್ದೆ. ಆದರೂ ಕೇಳುತ್ತದೆ. ನಮ್ಮ ಮಾಮನ ದನಿ ಅಷ್ಟು ದೊಡ್ಡದು.